ಗಾಲಿಯ ಅಳತೆ

ಮನುಷ್ಯನ ಮೆಟ್ಟಿನ ಅಳತೆಯನ್ನು ಅವನ ಪಾದವೇ ನಿಶ್ಚಯಿಸುತ್ತದೆ. ಅದರಲ್ಲಿ ಚರ್ಚೆಗೆ ಆಸ್ಪದವಿಲ್ಲ. ಏಳನೆಯ ಅಳತೆಯ ಕಾಲಿಗೆ ಒಂಬತ್ತನೆಯ ಅಳತೆಯ ಮೆಟ್ಟು ಚಂದ ಕಾಣುತ್ತದೆಂದು ಯಾರೂ ಕೊಳ್ಳುವುದಿಲ್ಲ. ಮೋಟಾರಿನ ಮೆಟ್ಟಿನ ವಿಷಯ ಹಾಗಲ್ಲ. ಒಂದೇ ಗಾಡಿಗೆ ಹದಿನಾಲ್ಕರಿಂದ ಹದಿನೇಳು ಇಂಚಿನವರೆಗೆ ನಾಲ್ಕು ಬಗೆಯ ಗಾಲಿಗಳನ್ನು ತೊಡಿಸಬಹುದೆಂದೂ, ಯಾವುದನ್ನು ತೊಡಿಸಬೇಕೆಂಬುದು ರುಚಿ, ರೊಕ್ಕ, ರಸ್ತೆ ಈ ಮೂರನ್ನು ಅವಲಂಬಿಸಿದೆಯೆಂದೂ ನಮ್ಮ ಮನೆಯಲ್ಲಿ ಕಳೆದ ಬೇಸಿಗೆಯಲ್ಲಿ ಮೂರು ವಾರ ನಡೆದ ಚರ್ಚೆಯಿಂದ ನನಗೆ ತಿಳಿದುಬಂತು. ಪುಣೆ, ಮುಂಬಯಿಗಳಲ್ಲಿದ್ದು ವರ್ಷಕ್ಕೆರಡು ಸಲವಾದರೂ ಊರಿಗೆ ಗಾಡಿ ಓಡಿಸಿಕೊಂಡು ಹೋಗುವ ನಮ್ಮಂಥವರ ಮನೆಗಳಲ್ಲಿ ಇಂದಲ್ಲ ನಾಳೆ ಈ ಪ್ರಶ್ನೆ ಏಳುವುದೇ ಆದ್ದರಿಂದ ಅದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಗಾಡಿ ನಮ್ಮ ಚಿರಂಜೀವಿಯದು. ಅವನು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ. ಸ್ವಂತ ಗಳಿಕೆಯಿಂದ ಕೊಂಡ ಮೊದಲನೆಯ ದೊಡ್ಡ ವಸ್ತುವೆಂದರೆ ಈ ೨೦೧೯ನೆಯ ಇಸವಿಯ ಸ್ವಿಫ್ಟ್. ೨೦೦೫ರಲ್ಲಿ ಮಾರುತಿಯವರು ಈ ಗಾಡಿಯನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದಂದಿನಿಂದಲೂ ತರುಣರಿಗೆ ಅದರ ಮೇಲೆ ಒಲವು. ಮೈ ಸಣ್ಣದು, ತೂಕ ಕಡಿಮೆ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ನಮ್ಮದು ನಡುವಿನ ದರ್ಜೆಯದಾದ್ದರಿಂದ ಹದಿನಾಲ್ಕು ಇಂಚಿನ ಉಕ್ಕಿನ ಗಾಲಿಗಳ ಮೇಲೆ ನಿಂತಿತ್ತು. ಯುಗಾದಿಯ ಹೊತ್ತಿಗೆ ನಾಲ್ಕೂ ಟೈರುಗಳು ಸವೆದು, ಗೀರುಗಳ ತಳದಲ್ಲಿ ಅಡ್ಡವಾಗಿರುವ ಪುಟ್ಟ ದಿಬ್ಬಗಳ ಮಟ್ಟಕ್ಕೆ ಬಂದಿದ್ದವು. ಆ ದಿಬ್ಬಗಳ ಎತ್ತರ ೧.೬ ಮಿಲಿಮೀಟರು, ರಬ್ಬರು ಅಲ್ಲಿಯವರೆಗೆ ಸವೆಯಿತೆಂದರೆ ಟೈರಿನ ಆಯುಷ್ಯ ತೀರಿತೆಂದೇ ಅರ್ಥ.

“ಅಪ್ಪಾ, ಹ್ಯಾಂಗೂ ಟೈರ್ ಬದಲಿ ಮಾಡೋದದ, ಗಾಲಿನೂ ಬದಲಿ ಮಾಡಿಬಿಡ್ತೀನಿ. ಹದಿನೇಳು ಇಂಚಿನ ಅಲಾಯ್ ಹಾಕಿಸಿದ್ರ ಗಾಡಿ ನಿಂತಲ್ಲೇ ಓಡಿದಂಗ ಕಾಣ್ತದ” ಎಂದ ಮಗ.

ಬತ್ತಿ ಹೊಸೆಯುತ್ತ ಕುಳಿತಿದ್ದ, ಎಂಬತ್ತಾರು ವರ್ಷದ ನಮ್ಮ ತಾಯಿಯವರು ತಲೆಯೆತ್ತಿ, “ಗಾಲಿ ದೊಡ್ಡದಾದ್ರ ಧಾರವಾಡ ಲಗೂ ಬರ್ತದೇನಪಾ?” ಎಂದು ಕೇಳಿದರು.

ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಶ್ರಾವಣದಲ್ಲಿ ಸೊಸೆಯ ಕುಬಸ. ಅವಳನ್ನು ಧಾರವಾಡದ ತವರಿಗೆ ಇದೇ ಗಾಡಿಯಲ್ಲಿ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಕಾತ್ರಜ, ಖಂಬಾಟಕಿ ಘಾಟುಗಳನ್ನು ದಾಟಿ, ಸಾತಾರೆ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಮೇಲೆ ನಾನೂರು ಕಿಲೋಮೀಟರಿನ ದಾರಿ, ಅದೂ ಮಳೆಗಾಲ. ಗಾಡಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ಅಂಗೈಯಗಲದ ನಾಲ್ಕು ತುಂಡು ರಬ್ಬರಿನಲ್ಲಿದೆ. ಗಾಡಿ ಮಗನದು, ರೊಕ್ಕ ಮಗನದು; ಬೇಡವೆನ್ನುವ ಅಧಿಕಾರ ನನಗಿಲ್ಲ. ಆದರೆ ಅದರಲ್ಲಿ ಕೂಡುವ ಜೀವಗಳು ನನ್ನವೂ ಅಹುದಷ್ಟೆ.

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಅಂಕಿಗಳು ಕಂಡವೆಂದರೆ ನನ್ನ ಭಯ ಅರ್ಧ ಕಡಿಮೆಯಾಗುತ್ತದೆ. ಟೈರಿನ ಮಗ್ಗುಲಿಗೆ ಅಚ್ಚೊತ್ತಿದ ‘೧೬೫/೮೦ ಆರ್ ೧೪’ ಎಂಬ ಮಂತ್ರದ ಅರ್ಥವೇನೆಂದು ಮಗನನ್ನೇ ಕೇಳಿದೆ. ಅವನು ಉತ್ಸಾಹದಿಂದ ಕಾಗದ ತಂದು ಬರೆದು ತೋರಿಸಿದ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದಲ್ಲಿ ಶೇಕಡಾ ಎಷ್ಟೆಂದು. ‘ಆರ್’ ಎಂದರೆ ರೇಡಿಯಲ್. ಒಳಗಿನ ಎಳೆಗಳನ್ನು ಓರೆಯಾಗಿ ಹೆಣೆಯುವುದರ ಬದಲು ಕೇಂದ್ರದಿಂದ ಹೊರಟ ಕಿರಣಗಳಂತೆ ಹಾಯಿಸುವ ಪದ್ಧತಿ. ಕೊನೆಯದು ಟೈರು ಕೂಡುವ ಲೋಹದ ಗಾಲಿಯ ವ್ಯಾಸ, ಇಂಚುಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಕೂಡಿಕೊಂಡದ್ದನ್ನು ಕಂಡು ನನಗೆ ನಮ್ಮ ಮನೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷು ಬೆರೆಸಿ ಆಡುವ ಮಾತಿನ ನೆನಪಾಯಿತು.

ಇಬ್ಬರೂ ಕೂಡಿ ಲೆಕ್ಕ ಹಾಕಿದೆವು. ಗೋಡೆಯ ಎತ್ತರವನ್ನು ಇಮ್ಮಡಿಸಿ ಲೋಹದ ವ್ಯಾಸಕ್ಕೆ ಕೂಡಿಸಿದರೆ ಗಾಲಿಯ ಒಟ್ಟು ಎತ್ತರ ಬರುತ್ತದೆ. ಹಳೆಯದರ ಎತ್ತರ ಸುಮಾರು ೬೨೦ ಮಿಲಿಮೀಟರು. ೧೮೫/೬೫ ಆರ್ ೧೫ರದು ೬೨೧.೫, ೧೯೫/೫೫ ಆರ್ ೧೬ರದು ೬೨೧, ೨೦೫/೪೫ ಆರ್ ೧೭ರದು ೬೧೬. ಎಲ್ಲವೂ ಹೆಚ್ಚುಕಡಿಮೆ ಒಂದೇ! ಒಂದೇ ಇರಲೂ ಬೇಕು. ಇಲ್ಲವಾದರೆ ವೇಗ ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು. ಆದರೆ ಗೋಡೆಯ ಎತ್ತರವನ್ನು ಮಾತ್ರ ನೋಡಿರಿ: ಹದಿನಾಲ್ಕರಲ್ಲಿ ೧೩೨ ಮಿಲಿಮೀಟರು, ಹದಿನೈದರಲ್ಲಿ ೧೨೦, ಹದಿನಾರರಲ್ಲಿ ೧೦೭, ಹದಿನೇಳರಲ್ಲಿ ೯೨.

ತಾಯಿಯವರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಅವರು ಕಂಡದ್ದು ಚಕ್ಕಡಿಯ ಗಾಲಿ. ಎರಿ ಹೊಲದ ಕೆಸರಿನಲ್ಲಿ ದೊಡ್ಡ ಗಾಲಿಯ ಚಕ್ಕಡಿ ತಗ್ಗನ್ನು ಸುಲಭವಾಗಿ ದಾಟುತ್ತದೆ, ಅದು ನಿಜವೇ. ಮೋಟಾರಿನಲ್ಲಿ ಹಾಗಾಗುವುದಿಲ್ಲ. ಇಲ್ಲಿ ಗಾಲಿ ಬೆಳೆಯುವುದಿಲ್ಲ. ಲೋಹ ಬೆಳೆಯುತ್ತದೆ, ಅಷ್ಟರಮಟ್ಟಿಗೆ ಗಾಳಿ ತುಂಬಿದ ರಬ್ಬರು ಕ್ಷೀಣಿಸುತ್ತದೆ. ಹೊರಗಿನ ಎತ್ತರ ಅಷ್ಟೇ, ಒಳಗಿನ ಮೆತ್ತೆ ಮಾತ್ರ ತೆಳು.

ಮಗನ ಪಕ್ಷದಲ್ಲಿಯೂ ಸತ್ಯಾಂಶವಿತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಗಿಡ್ಡ ಗೋಡೆಯ ಟೈರು ತಿರುವಿನಲ್ಲಿ ಹೊರಳಾಡುವುದಿಲ್ಲ. ಸ್ಟೇರಿಂಗನ್ನು ತುಸು ತಿರುಗಿಸಿದರೂ ಗಾಡಿ ತಕ್ಷಣ ಓಗೊಡುತ್ತದೆ. ಅಗಲವಾದ ರಬ್ಬರು ಒಣ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. “ಹದಿನಾಲ್ಕರ ಟೈರಿನ್ಯಾಗ ತಿರುವು ತಗೊಂಡ್ರ ಹಾಸಿಗಿ ಮ್ಯಾಲೆ ನಡದಂಗ ಆಗ್ತದ ಅಪ್ಪಾ” ಎಂದು ಅವನು ಹೇಳಿದ್ದು ಗಾಡಿಯನ್ನು ಪ್ರೀತಿಯಿಂದ ಓಡಿಸುವವನ ಮಾತು. ಅದನ್ನು ಬರಿಯ ಶೋಕಿಯೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಆದರೆ ಪ್ರತಿಯೊಂದು ಇಂಚಿಗೂ ಒಂದು ಬೆಲೆಯುಂಟು. ಲೋಹ ದೊಡ್ಡದಾದಂತೆ ಸಾಮಾನ್ಯವಾಗಿ ಗಾಲಿಯ ತೂಕ ಹೆಚ್ಚುತ್ತದೆ, ಆ ತೂಕ ಕೇಂದ್ರದಿಂದ ದೂರ ಸರಿಯುತ್ತದೆ. ಅದನ್ನು ತಿರುಗಿಸಲು ಸಣ್ಣ ಎಂಜಿನ್ನು ಹೆಚ್ಚು ದುಡಿಯಬೇಕು, ಪೆಟ್ರೋಲು ಹೆಚ್ಚು ಕುಡಿಯಬೇಕು. ಓಟದ ಗಾಡಿಯಂತೆ ಕಾಣಲಿಕ್ಕೆಂದು ಓಟವನ್ನೇ ಕುಂದಿಸಿಕೊಂಡ ಹಾಗೆ. ತಗ್ಗಿಗೆ ಇಳಿದಾಗ ಗಿಡ್ಡ ಗೋಡೆ ನೆಲಕ್ಕೂ ಲೋಹಕ್ಕೂ ನಡುವೆ ಸಿಕ್ಕು ಜಜ್ಜಿಹೋಗುತ್ತದೆ. ಒಳಗಿನ ಎಳೆ ಹರಿದು ಪಕ್ಕದಲ್ಲಿ ಬುಗುಟಿ ಏಳುತ್ತದೆ. ಬುಗುಟಿ ಎದ್ದ ಟೈರಿಗೆ ರಿಪೇರಿ ಇಲ್ಲ, ತೆಗೆದು ಒಗೆಯಬೇಕು. ಇನ್ನು ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಸರಿಸಲಾರದೆ ಹೋದರೆ ನೀರಿನ ಮೇಲೆ ತೇಲುತ್ತದೆ. ತೇಲುವ ಗಾಡಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ತೀರ್ಪು ಬಂದದ್ದು ಸೊಸೆಯಿಂದ. ಮಗನ ಗೆಳೆಯನೊಬ್ಬನ ಹದಿನೇಳು ಇಂಚಿನ ಗಾಡಿಯಲ್ಲಿ ಗಂಡಹೆಂಡಿರಿಬ್ಬರೂ ಒಂದು ಸಂಜೆ ತಿರುಗಾಡಿ ಬಂದರು. ಮಗ ಮುಂದೆ ಕೂತಿದ್ದ, ಅವಳು ಹಿಂದೆ. ಮನೆಗೆ ಬಂದು ನೀರು ಕುಡಿದು ಆಕೆ ಹೇಳಿದ್ದು ಇಷ್ಟೇ: “ಮುಂದ ಕೂತಾವ್ರಿಗೆ ರಸ್ತೆ ಕೈಯಾಗ ತಿಳೀತದ, ಹಿಂದ ಕೂತಾವ್ರಿಗೆ ಬೆನ್ನಾಗ ತಿಳೀತದ. ನಾನೂರು ಕಿಲೋಮೀಟರ್ ನನಗ ಆಗೂದಿಲ್ರಿ.” ಮಗ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನಾವು ಲೆಕ್ಕ ಹಾಕಿದ ಕಾಗದವನ್ನು ತಾನಾಗಿಯೇ ತಂದು, ೧೮೫/೬೫ ಆರ್ ೧೫ರ ಕೆಳಗೆ ಗೆರೆ ಎಳೆದ. ಕಂಪನಿಯವರೇ ಇದೇ ಗಾಡಿಯ ಮೇಲಿನ ದರ್ಜೆಗೆ ಕೊಡುವ ಅಳತೆಯದು. ಗಾಡಿಗೂ ಚಂದ, ಬೆನ್ನಿಗೂ ಹಿತ.

ಗಾಲಿ ಕೊಳ್ಳುವಾಗ ಇಂಚೊಂದನ್ನೇ ನೋಡಿದರೆ ಸಾಲದೆಂಬುದೂ ಆಗ ತಿಳಿಯಿತು. ಸ್ವಿಫ್ಟಿನ ಗಾಲಿಗೆ ನಾಲ್ಕು ಬೋಲ್ಟು; ಅವುಗಳ ವರ್ತುಲದ ವ್ಯಾಸ ೧೦೦ ಮಿಲಿಮೀಟರು; ನಡುವಿನ ತೂತು ೫೪.೧ ಮಿಲಿಮೀಟರು. ತೂತು ದೊಡ್ಡದಿದ್ದರೆ ತಕ್ಕ ಬಳೆ ಹಾಕಿಸಬೇಕು. ಇಲ್ಲವಾದರೆ ವೇಗದಲ್ಲಿ ಸ್ಟೇರಿಂಗು ನಡುಗುವ ಸಂಭವವುಂಟು. ಅಳತೆಯ ಮುಂದೆ ೮೮ ಎಂದು ಬರೆದಿದ್ದರೆ ಆ ಟೈರು ೫೬೦ ಕಿಲೋ ಹೊರಬಲ್ಲದು. ೮೪ ಎಂದಿದ್ದರೆ ೫೦೦ ಮಾತ್ರ. ಜೊತೆಗಿರುವ ಅಕ್ಷರ ವೇಗದ ಮಿತಿ: ಎಸ್ ಎಂದರೆ ಗಂಟೆಗೆ ೧೮೦ ಕಿಲೋಮೀಟರು, ಟಿ ಎಂದರೆ ೧೯೦, ಎಚ್ ಎಂದರೆ ೨೧೦. ಗಾಡಿಯೊಂದಿಗೆ ಬಂದದ್ದಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು. ಮತ್ತೊಂದು ಗುಟ್ಟೆಂದರೆ ನಾಲ್ಕಂಕಿಯ ಜನ್ಮಕುಂಡಲಿ. ಮೊದಲೆರಡು ವಾರ, ಕೊನೆಯೆರಡು ಇಸವಿ. ಒಂದು ಅಂಗಡಿಯವರು ಒಳ್ಳೆಯ ರಿಯಾಯಿತಿಯಲ್ಲಿ ತೋರಿಸಿದ ಟೈರಿನ ಜಾತಕ ನೋಡಿದರೆ ಅದು ಮೂರು ವರ್ಷದ ಹಿಂದೆ ಹುಟ್ಟಿದ್ದು! ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ನಡೆದೆವು.

ಹದಿನೇಳಕ್ಕೆ ತೆಗೆದಿಟ್ಟ ಹಣದಲ್ಲಿ ಹದಿನೈದರ ಗಾಲಿ ಟೈರುಗಳೂ ಬಂದವು, ವ್ಹೀಲ್ ಅಲೈನ್‌ಮೆಂಟೂ ಆಯಿತು, ಕುಬಸಕ್ಕೊಂದು ಇಳಕಲ್ ಸೀರೆಯೂ ಬಂತು. ಶ್ರಾವಣದಲ್ಲಿ ಹೊರಟಾಗ ಖಂಬಾಟಕಿಯಲ್ಲಿ ಮುಂದಿನ ಲಾರಿಯ ದೀಪ ಕಾಣದಷ್ಟು ಮಳೆ. ನಿಪ್ಪಾಣಿಯ ಈಚೆಗೆ ನೀರು ತುಂಬಿದ ತಗ್ಗೊಂದರಲ್ಲಿ ಎಡಗಾಲಿ ಧಡಲ್ಲೆಂದು ಇಳಿದು ಎದ್ದಿತು. ಮಗ ಗಾಡಿ ನಿಲ್ಲಿಸಿ, ಮಳೆಯಲ್ಲಿ ನೆನೆಯುತ್ತ, ಟೈರಿನ ಗೋಡೆಯ ಮೇಲೆ ಕೈಯಾಡಿಸಿ ನೋಡಿ ಬಂದು, “ಏನೂ ಆಗಿಲ್ಲ” ಎಂದು ಹೆಂಡತಿಗೆ ಹೇಳಿದ. ಅವನು ಆ ಹೊತ್ತಿನಲ್ಲಿ ಆಕೆಯ ಮುಖ ನೋಡಿದ ರೀತಿಯನ್ನು ಕಂಡು, ಇನ್ನು ನಾನು ಗಾಲಿಯ ಚಿಂತೆ ಬಿಡಬಹುದೆನಿಸಿತು.

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಎಂಬವರು ಬೆಲ್‌ಫಾಸ್ಟಿನಲ್ಲಿ ದನದ ವೈದ್ಯರಾಗಿದ್ದರು. ಮಗನ ಮೂರು ಗಾಲಿಯ ಸೈಕಲ್ಲು ಒರಟು ನೆಲದಲ್ಲಿ ಕುಲುಕದಿರಲೆಂದು ಮಾಡಿದ ಆ ಯುಕ್ತಿಗೆ ೧೮೮೮ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಟೈರೆಂಬ ವಸ್ತು ವೇಗಕ್ಕಿಂತ ಮೊದಲು ಮಮತೆಗಾಗಿ ಹುಟ್ಟಿತೆಂದು ತಿಳಿದಮೇಲೆ ನನಗೆ ಅದರ ಮೇಲೆ ಗೌರವ ಹೆಚ್ಚಿದೆ. ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗಾಳಿ ಇರಬೇಕೆಂದು ಬರೆದಿರುತ್ತದೆ. ಟೈರು ತಣ್ಣಗಿದ್ದಾಗ ಅಷ್ಟು ಹಾಕಿಸಿದರೆ ಅರ್ಧ ಕ್ಷೇಮ ಅಲ್ಲಿಯೇ ಇದೆ. ಊರಿಗೆ ಹೊರಟವರನ್ನು ನಮ್ಮ ಹಿರಿಯರು “ಬುತ್ತಿ ಕಟ್ಟಿಕೊಂಡ್ರೇನು?” ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಅದರ ಬೆನ್ನಿಗೇ “ಗಾಳಿ ನೋಡಿಸಿದ್ರೇನು?” ಎಂಬ ಮಾತೂ ಸೇರಿಕೊಂಡಿದೆ.