52 ಎಕ್ಸ್ ಕುದುರೆಗೆ ಲಗಾಮು

ಹೋದ ತಿಂಗಳು ಒಂದು ರಾತ್ರಿ ಊರಿಂದ ಅಮ್ಮನ ಫೋನು. "ಅಜ್ಜಿ ಹೇಳ್ತಿದ್ದ ಹೂ ಮುಡಿಸೋ ಹಾಡು ನಿನ್ ಹತ್ರ ಇದೆಯಲ್ಲೋ? ತಂಗಿ ಸೀಮಂತಕ್ಕೆ ಬೇಕು. ನಂಗೆ ಮಧ್ಯದ ಎರಡು ನುಡಿ ಮರ್ತೇ ಹೋಗಿದೆ."

"ಇದೆ ಬಿಡಮ್ಮ, ಸೀಡಿಲಿದೆ. ನಾಳೆ ವಾಟ್ಸಾಪ್ ಮಾಡ್ತೀನಿ" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡಿ! ಆ 'ನಾಳೆ' ಬರೋಕೆ ಹದಿನೇಳು ದಿನ ಬೇಕಾಯ್ತು.

ಅಜ್ಜಿ ಹಾಡಿದ್ದು 2005ರ ಬೇಸಿಗೆ ರಜೆಯಲ್ಲಿ, ಸಾಗರದ ಮನೆ ಜಗಲಿ ಮೇಲೆ. ಎದುರಿಗೆ ಟೇಪ್ ರೆಕಾರ್ಡರ್ ಇಟ್ಟಿದ್ದು ನಾನು. "ನನ್ ಗಂಟ್ಲು ಕೇಳೋರು ಯಾರಾ" ಅಂತ ನಾಚಿಕೊಂಡೇ ಶುರು ಮಾಡಿದವಳು, ಆಮೇಲೆ ನಿಲ್ಲಿಸು ಅಂದ್ರೂ ನಿಲ್ಲಿಸದೆ ಎರಡು ದಿನದಲ್ಲಿ 14 ಹಾಡು ಹೇಳಿದ್ಲು. ಹಸೆಗೆ ಕರೆಯೋದು, ಆರತಿ, ಹೂ ಮುಡಿಸೋದು, ಹೆಣ್ಣು ಒಪ್ಪಿಸೋದು, ಎಲ್ಲ. ಬೆಂಗಳೂರಿಗೆ ಬಂದು ಕ್ಯಾಸೆಟ್ಟಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಒಂದು ಸೀಡಿ ಬರೆದೆ. ಒಂದೇ ಒಂದು! ಖಾಲಿ ಸೀಡಿಗೆ ಆಗ ಹತ್ತೋ ಹದಿನೈದೋ ರೂಪಾಯಿ, ಇನ್ನೊಂದು ಬರೆಯೋಕೆ ಏನು ಧಾಡಿಯಾಗಿತ್ತೋ. ಕ್ಯಾಸೆಟ್ಟಿನ ಮೇಲೆ ಮನೆಯ ಯಾರೋ ಪುಣ್ಯಾತ್ಮರು ಸಿನಿಮಾ ಹಾಡು ತುಂಬಿಸಿದರು. 2008ರಲ್ಲಿ ಹಾರ್ಡ್ ಡಿಸ್ಕ್ ಸತ್ತಿತು. 2011ರಲ್ಲಿ ಅಜ್ಜಿ ಹೋದಳು. ಉಳಿದಿದ್ದು ಆ ಸೀಡಿ.

ಹುಡುಕಿದೆ, ಸಿಕ್ತು. ಲ್ಯಾಪ್‌ಟಾಪಿಗೆ ಹಚ್ಚೋ ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದೆ, ತೆಳ್ಳಗಿನದು, ಅದಕ್ಕೆ ಹಾಕಿದೆ. ಮೊದಲ ಆರು ಹಾಡಿನ ಹೆಸರು ಒತ್ತಿದ್ರೆ ಹಾಡುತ್ತೆ. ಏಳನೆಯದನ್ನ ಕಾಪಿ ಮಾಡೋಕೆ ಹೋದ್ರೆ ಅರ್ಧಕ್ಕೆ ನಿಂತು 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಅನ್ನೋ ಪುರಾತನ ಶಾಪ. ಡ್ರೈವು ಗರ್ರ್ ಅಂತ ಒಮ್ಮೆ ಏರೋದು, ಒಮ್ಮೆ ಇಳಿಯೋದು, ಮತ್ತೆ ಏರೋದು. ಏಳನೆಯದೇ ಹೂ ಮುಡಿಸೋ ಹಾಡು ಅಂತ ಬೇರೆ ಹೇಳಬೇಕಿಲ್ಲ ತಾನೆ? :-(

ಸೀಡಿ ಹೊರಗೆ ತೆಗೆದು ಬೆಳಕಿಗೆ ಹಿಡಿದಾಗ ಎದೆ ಧಸಕ್ಕೆಂದಿತು. ನಡುವಿನ ತೂತಿನ ಅಂಚಿಂದ ಕೂದಲೆಳೆಯಂಥ ಒಂದು ಬಿರುಕು. ಡಬ್ಬಿಯಿಂದ ಎಳೆದು ತೆಗೆಯೋವಾಗ ಯಾವಾಗಲೋ ಆಗಿದ್ದಿರಬೇಕು. ಇನ್ನೂ ದತ್ತಾಂಶ ಇರೋ ಜಾಗಕ್ಕೆ ಮುಟ್ಟಿಲ್ಲ, ಅದು ನಡುವಿಂದ ಎರಡೂವರೆ ಸೆಂಟಿಮೀಟರ್ ಆಚೆ ಶುರುವಾಗೋದು. ಆದರೆ ನಡುವಲ್ಲಿ ಬಿರುಕು ಬಿಟ್ಟ ಸೀಡಿ ಜೋರಾಗಿ ತಿರುಗುವಾಗ ಡ್ರೈವ್ ಒಳಗೇ ಒಡೆದು ಚೂರಾಗೋದುಂಟು. ಅಂದ್ರೆ ನಾನು ಇಷ್ಟೊತ್ತು "ಓದು, ಓದು" ಅಂತ ಪ್ರತಿ ಸಲ ಗುಂಡಿ ಒತ್ತುತ್ತಾ ಮಾಡಿದ್ದೇನು ಅಂತ ಯೋಚಿಸಿ ಬೆವರು ಬಂತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ಬೇಕು, ಗೊತ್ತಿರೋರು ಹಾರಿಸಿ. ಸೀಡಿ ಡ್ರೈವಿನ ಮೂತಿ ಮೇಲೆ 52 ಎಕ್ಸ್ ಅಂತ ಇರುತ್ತಲ್ಲ, ಅದರಲ್ಲಿ 1 ಎಕ್ಸ್ ಅಂದ್ರೆ ಸೆಕೆಂಡಿಗೆ 75 ಸೆಕ್ಟರು, ತಲಾ 2048 ಬೈಟು, ಒಟ್ಟು 150 ಕಿಲೋಬೈಟು. ಹಳೇ ಹಾಡಿನ ಸೀಡಿ ಪ್ಲೇಯರಿನ ವೇಗ ಅದು. ಆಗ ತಟ್ಟೆ ತಿರುಗೋದು ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಸುತ್ತಿನಲ್ಲಿ 200. 52 ಎಕ್ಸ್ ಡ್ರೈವು ಎಲ್ಲ ಕಡೆ ಒಂದೇ ಸಮ ತಿರುಗುತ್ತೆ, ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೇಲೆ. ಆ 52 ಸಿಗೋದು ಕಟ್ಟಕಡೆಯ ಅಂಚಿನಲ್ಲಿ ಮಾತ್ರ. ಒಳಗೆ 22-23 ಅಷ್ಟೇ. ಬರೆಯೋದೂ ಓದೋದೂ ಒಳಗಿಂದ ಹೊರಕ್ಕೆ, ನಮ್ಮ ಗ್ರಾಮಫೋನ್ ತಟ್ಟೆಗೆ ಉಲ್ಟಾ. ಹಾಗಾಗಿ ಅರ್ಧ ತುಂಬಿದ ಸೀಡಿಗೆ ನಾವು ದುಡ್ಡು ಕೊಟ್ಟ 52 ಯಾವತ್ತೂ ಸಿಗ್ತಲೇ ಇರಲಿಲ್ಲ. ಆಗ ಇದು ಗೊತ್ತಿದ್ದಿದ್ರೆ ಅಂಗಡಿಯವನ ಹತ್ರ ಒಂದು ಜಗಳ ಆಗ್ತಿತ್ತು.

ನನಗೀಗ ಬೇಕಿದ್ದಿದ್ದು ಇದರ ತದ್ವಿರುದ್ಧ. ನಿಧಾನಕ್ಕೆ ತಿರುಗು ಅಂದ್ರೆ ಮರ್ಯಾದೆಯಾಗಿ ನಿಧಾನಕ್ಕೆ ತಿರುಗೋ ಡ್ರೈವು. ಲ್ಯಾಪ್‌ಟಾಪಲ್ಲಿ ಲಿನಕ್ಸ್ ಇದೆ, ಅದರಲ್ಲಿ ವೇಗ ಇಳಿಸೋ ಆಜ್ಞೆ ಇದೆ. ಹಳೇ ಡಿಜಿಟ್ ಪತ್ರಿಕೆ ಜೊತೆ ಬಂದಿದ್ದ ಬೇಡದ ಸೀಡಿಯೊಂದನ್ನ ತೆಳ್ಳಗಿನ ಡ್ರೈವಿಗೆ ಹಾಕಿ 4 ಎಕ್ಸ್ ಅಂತ ಆಜ್ಞೆ ಕೊಟ್ಟು ಓದಿಸಿದೆ. ಅದು ತಲೆಯಾಡಿಸಿ 24ರಲ್ಲೇ ಓಡಿತು. ಹೇಳಿದ್ದಕ್ಕೆಲ್ಲ ಹೂಂ ಅಂದು ತನ್ನಿಷ್ಟದಂತೆ ಮಾಡೋ ಜಾತಿ.

ಆಗ ನೆನಪಾಗಿದ್ದು ಅಟ್ಟದ ಮೇಲಿದ್ದ 2004ರ ಪೆಂಟಿಯಂ 4 ಡಬ್ಬ. ಅದರಲ್ಲಿ ಒಂದು ಕಾಂಬೋ ಡ್ರೈವ್: ಸೀಡಿ ಬರೆಯುತ್ತೆ, ಡಿವಿಡಿ ಓದುತ್ತೆ. ಅಜ್ಜಿ ಸೀಡಿ ಬರೆದಿದ್ದೂ ಅದೇ. ಇಳಿಸಿ, ಧೂಳು ಕೊಡವಿ, ಕರೆಂಟು ಕೊಟ್ಟೆ. ಎಕ್ಸ್‌ಪಿಯ ಹಸಿರು ಗುಡ್ಡ ಬಂತು ಮಾರಾಯ್ರೇ! ಐದು ನಿಮಿಷ ಸುಮ್ನೆ ನೋಡ್ತಾ ಕೂತೆ.

ಟ್ರೇ ಮಾತ್ರ ಬಾಯಿ ಬಿಡಲಿಲ್ಲ. ಗುಂಡಿ ಒತ್ತಿದ್ರೆ ಒಳಗೆ 'ಉಂಯ್' ಅನ್ನುತ್ತೆ, ಅಷ್ಟೇ. ಮುಂದಿನ ಸಣ್ಣ ತೂತಿಗೆ ಪೇಪರ್ ಕ್ಲಿಪ್ ನೇರ ಮಾಡಿ ಚುಚ್ಚಿದರೆ ಒಂಚೂರು ಹೊರಬಂತು, ಕೈಲಿ ಎಳೆದೆ. ಇದು ಹಳೇ ಡ್ರೈವುಗಳ ಸಾಮಾನ್ಯ ಕಾಯಿಲೆ. ಟ್ರೇ ಎಳೆಯೋ ರಬ್ಬರ್ ಬೆಲ್ಟು ಸಡಿಲವಾಗಿರುತ್ತೆ. ಬಿಚ್ಚಿ, ಬೆಲ್ಟ್ ತೆಗೆದು, ಬಿಸಿನೀರಲ್ಲಿ ಹತ್ತು ನಿಮಿಷ ಹಾಕಿಟ್ಟೆ. ಸ್ವಲ್ಪ ಬಿಗಿಯಾಗುತ್ತೆ, ಸ್ವಲ್ಪ ಕಾಲಕ್ಕೆ. "ಅದೇನ್ರೀ ಕಾಫಿ ಪಾತ್ರೇಲಿ?" ಅಂತ ಹೆಂಡತಿ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

ಆ ಡಬ್ಬದಲ್ಲಿ ನೀರೋ ಜೊತೆ ಬರ್ತಿದ್ದ 'ಸೀಡಿ-ಡಿವಿಡಿ ಸ್ಪೀಡ್' ಇನ್ನೂ ಇತ್ತು. ನೆನಪಿದೆಯಾ? ಹಸಿರು ಗೆರೆ ಎಡಗಡೆಯಿಂದ ಬಲಗಡೆಗೆ ಏರುತ್ತಾ ಹೋಗೋದು. ಆ ಕಾಲದಲ್ಲಿ ಯಾರ ಡ್ರೈವಿನ ಗೆರೆ ಚಂದ ಅಂತ ರೂಮಲ್ಲಿ ಪೈಪೋಟಿ ನಡೀತಿತ್ತು. ಪತ್ರಿಕೆ ಸೀಡಿ ಹಾಕಿ ಪರೀಕ್ಷೆ ಶುರು ಮಾಡಿದೆ. ಗೆರೆ ಏರಲೇ ಇಲ್ಲ. 10ರ ಹತ್ರ ಮಲಗಿದ್ದು ಕೊನೇವರೆಗೂ ಮಲಗೇ ಇತ್ತು. ಪ್ರೊಸೆಸರು ಮಾತ್ರ ಪೂರ್ತಿ ಬಿಸಿ.

ಡ್ರೈವು ಮುದಿಯಾಯ್ತು ಅಂತ ತೀರ್ಮಾನ ಮಾಡೋದರಲ್ಲಿದ್ದೆ. ಗೆರೆ ಅಷ್ಟು ನೇರ ಮಲಗಿದ್ದೇ ಅನುಮಾನ ತರಿಸಿತು. ಲೆನ್ಸೋ ಮೋಟಾರೋ ಕೆಟ್ಟಿದ್ರೆ ಗೆರೆ ಏರ್ತಾ ಬೀಳ್ತಾ ಇರಬೇಕು. ಯಾರೋ ಮೇಲಿಂದ ಅಡ್ಡಗಟ್ಟಿದ ಹಾಗೆ ಸಪಾಟಾಗಿರೋದು ಯಾಕೆ? ಡಿವೈಸ್ ಮ್ಯಾನೇಜರ್ ತೆಗೆದು ಸೆಕೆಂಡರಿ ಐಡಿಇ ಚಾನೆಲ್ ನೋಡಿದ್ರೆ, ಪಿಐಒ ಮೋಡ್! ಎಕ್ಸ್‌ಪಿಗೆ ಒಂದು ಕೆಟ್ಟ ಅಭ್ಯಾಸ ಇತ್ತು. ಡ್ರೈವಿಂದ ಆರು ಸಲ ತಪ್ಪು ಬಂದ್ರೆ ಡಿಎಂಎಯ ಒಂದೊಂದೇ ಮೆಟ್ಟಿಲು ಇಳಿಸ್ತಾ ಕೊನೆಗೆ ಪಿಐಒಗೆ ತಳ್ಳಿಬಿಡೋದು. ಆಮೇಲೆ ಪ್ರತಿ ತುಣುಕನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕು. ಮತ್ತೆ ತಾನಾಗಿ ಮೇಲೆ ಹತ್ತಿಸೋದಿಲ್ಲ. ಯಾವತ್ತೋ ಗೀರು ಬಿದ್ದ ಒಂದು ಬಾಡಿಗೆ ಸೀಡಿ ಹಾಕಿದ ತಪ್ಪಿಗೆ ಡ್ರೈವಿಗೆ ಆಜೀವ ಶಿಕ್ಷೆ! ಚಾನೆಲನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ, ಜೊತೆಗೆ ಹಳೇ ಪಟ್ಟಿ ಕೇಬಲ್ಲನ್ನೂ ಬದಲಾಯಿಸಿದೆ.

ಈ ಸಲ ಗೆರೆ 22ರಿಂದ ಹೊರಟಿತು. 30, 38, 44... ಮೇಜು ಅಲುಗಾಡ್ತಿದೆ, ಮಿಕ್ಸಿ ಸದ್ದು. 47ರ ಹತ್ರ ಎರಡು ಸಲ ಮುಗ್ಗರಿಸಿತು. ಲೆನ್ಸಿಗೆ ಹತ್ತಿಬಟ್ಟಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಚ್ಚಿ, ಒತ್ತದೆ, ಸವರಿದೆ. ಮತ್ತೆ ಓಡಿಸಿದರೆ ಮುಗ್ಗರಿಸಲಿಲ್ಲ, 51 ದಾಟಿತು. ಇಪ್ಪತ್ತು ವರ್ಷದ ಮೇಲೆ! ಯಾರಿಗಾದ್ರೂ ತೋರಿಸಬೇಕು ಅನ್ನಿಸಿ ತಿರುಗಿ ನೋಡಿದೆ. ಮಗಳು ಕಿವಿ ಮುಚ್ಚಿಕೊಂಡು ಆಚೆ ಹೋಗಿದ್ಲು.

ಆದರೆ ಓಡೋ ತಾಕತ್ತು ನನ್ನ ಪ್ರಶ್ನೆ ಆಗಿರಲಿಲ್ಲವಲ್ಲ. ಕೆಟ್ಟ ಸೀಡಿಯಿಂದ ಹಟ ಹಿಡಿದು ಓದೋ ತಂತ್ರಾಂಶ ಇರೋದು ಲಿನಕ್ಸಲ್ಲಿ. ಹಾಗಾಗಿ ಎಸ್.ಪಿ. ರೋಡಿಗೆ ಹೋಗಿ ಐಡಿಇಯಿಂದ ಯುಎಸ್‌ಬಿಗೆ ಅಡಾಪ್ಟರ್ ಹುಡುಕಿದೆ. ಮೂರನೇ ಅಂಗಡಿಯವನು "ಸಾರ್, ಇನ್ನೂ ಐಡಿಇ ಇಟ್ಕೊಂಡಿದೀರಾ?" ಅಂತ ಮ್ಯೂಸಿಯಂ ನೋಡೋ ಹಾಗೆ ನನ್ನನ್ನೇ ನೋಡಿದ. ಡ್ರೈವನ್ನ ಡಬ್ಬದಿಂದ ಬಿಚ್ಚಿ, ಜಂಪರನ್ನ ಮಾಸ್ಟರಿಗೆ ಹಾಕಿ, ಲ್ಯಾಪ್‌ಟಾಪಿಗೆ ಕಟ್ಟಿದೆ. ಮತ್ತೆ ಅದೇ ಬಡಪಾಯಿ ಪತ್ರಿಕೆ ಸೀಡಿ, ಮತ್ತೆ 4 ಎಕ್ಸ್ ಅಂತ ಆಜ್ಞೆ. ನಡುವಿನ ಅಡಾಪ್ಟರು ಮಾತು ದಾಟಿಸುತ್ತೋ ಇಲ್ವೋ ಅನ್ನೋದೇ ಭಯ.

ಸದ್ದೇ ಇಲ್ಲ. ನಿಂತುಹೋಯ್ತಾ ಅಂತ ಕಿವಿ ಇಟ್ಟು ಕೇಳಿದೆ. ಓದ್ತಿದೆ! ಪೂರ್ತಿ ಸೀಡಿ ಓದಿಸಿ ಗಡಿಯಾರ ನೋಡಿ ಲೆಕ್ಕ ಹಾಕಿದ್ರೆ ಒಳಗೆ ಮೂರೂವರೆ ಎಕ್ಸ್, ಹೊರಗೆ 8. ನಾನು 4 ಕೇಳಿದ್ದೆ, ಅದಕ್ಕೆ ಸಾಧ್ಯವಿದ್ದ ಕನಿಷ್ಠ 8 ಅಂತ ಕಾಣುತ್ತೆ. ಅಂದ್ರೆ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಜಾಗದಲ್ಲಿ ಸಾವಿರದ ಆರುನೂರು. ಇನ್ನೂ ಎರಡು ಸಲ ಟ್ರೇ ತೆಗೆದು ಹಾಕಿ ನೋಡಿದೆ. ಯಾಕಂದ್ರೆ ಹೊಸ ಸೀಡಿ ಕೂತಾಗ ಹಳೇ ಆಜ್ಞೆ ಮರೆಯೋ ಸಾಧ್ಯತೆ ಇರುತ್ತೆ. ಹೌದು, ಮರೀತು! ಟ್ರೇ ಮುಚ್ಚಿದ ಕೂಡಲೇ ಒಂದು ಸಲ ಜೋರಾಗಿ ತಿರುಗಿ, ಆಜ್ಞೆ ಮತ್ತೆ ಕೊಟ್ಟ ಮೇಲೇ ತಣ್ಣಗಾಯ್ತು. ಆ ಮೊದಲ ಹತ್ತು ಸೆಕೆಂಡು ತಪ್ಪಿಸೋಕೆ ದಾರಿ ಇರಲಿಲ್ಲ. ಅಂದ್ರೆ ಅಜ್ಜಿ ಸೀಡಿಯನ್ನ ಒಂದೇ ಸಲ ಹಾಕಬೇಕು, ಮುಗಿಯೋವರೆಗೆ ತೆಗೀಬಾರದು.

ಆ ಒಂದು ಸಲಕ್ಕೆ ಧೈರ್ಯ ಮಾಡೋಕೆ ನಾಲ್ಕು ದಿನ ಹಿಡಿತು. ಆಫೀಸಲ್ಲಿ ಕೂತಾಗಲೂ ಅದೇ ಬಿರುಕು ಕಣ್ಮುಂದೆ. ಸೀಡಿಯನ್ನ ಮೆತ್ತಗಿನ ಬಟ್ಟೆಯಲ್ಲಿ ನಡುವಿಂದ ಅಂಚಿಗೆ ನೇರ ಒರೆಸಿದೆ. ಸುತ್ತಲೂ ಒರೆಸಬಾರದು, ಗೀರು ಬಿದ್ರೆ ಒಂದೇ ಹಾಡಿನುದ್ದಕ್ಕೂ ಬೀಳುತ್ತೆ. ಮೇಲುಗಡೆ ನೋಡಿದ್ರೆ ನನ್ನದೇ ಅಕ್ಷರ, "ಅಜ್ಜಿ ಹಾಡುಗಳು, ಮೇ 2005", ಬಾಲ್ ಪೆನ್ನಲ್ಲಿ, ಒತ್ತಿ ಒತ್ತಿ. ಸೀಡಿಯಲ್ಲಿ ಹೊಳೆಯೋ ಪದರ ಇರೋದು ಓದೋ ಬದಿಯಲ್ಲಲ್ಲ, ಈ ಹೆಸರು ಬರೆಯೋ ಬದಿಯಲ್ಲಿ, ತೆಳ್ಳನೆ ಲ್ಯಾಕರ್ ಕೆಳಗೆ. ಏಳನೇ ಹಾಡಿನ ಕಥೆ ಏನಾಗಿದ್ದಿರಬಹುದು ಅಂತ ಅಲ್ಲೇ ಗೊತ್ತಾಯ್ತು. ಯಾರನ್ನ ಬೈಯೋದು?

ಶನಿವಾರ ಬೆಳಿಗ್ಗೆ ಹಾಕಿದೆ. ಹತ್ತು ಸೆಕೆಂಡು ಸೋಫಾದ ಹಿಂದೆ ನಿಂತಿದ್ದೆ, ನಗಬೇಡಿ. ಆಮೇಲೆ ವೇಗ ಇಳೀತು. ಡೀಡೀರೆಸ್ಕ್ಯೂ ಅಂತ ತಂತ್ರಾಂಶ. ಮೊದಲು ಸುಲಭವಾಗಿ ಸಿಗೋದನ್ನೆಲ್ಲ ಎತ್ತಿಕೊಂಡು, ಸಿಗದ್ದನ್ನ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಅವಕ್ಕಷ್ಟೇ ವಾಪಸ್ ಬರುತ್ತೆ. ಒಟ್ಟು 612 ಮೆಗಾಬೈಟು, ಮೂರು ಲಕ್ಷಕ್ಕೂ ಹೆಚ್ಚು ಸೆಕ್ಟರು. ಒಂದು ಕಾಲು ಗಂಟೆಯಲ್ಲಿ ಎಲ್ಲ ಬಂತು, 412 ಬಿಟ್ಟು. ಮಧ್ಯಾಹ್ನಕ್ಕೆ 160. ರಾತ್ರಿ 90ಕ್ಕೆ ನಿಂತು ಅಲ್ಲಾಡಲಿಲ್ಲ. ಸೀಡಿ ಒಳಗೇ ಬಿಟ್ಟು ಓದೋದನ್ನ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಡ್ರೈವು ತಣ್ಣಗಿದ್ದಾಗ ಮತ್ತೆ ಶುರು ಮಾಡಿದ್ರೆ ಒಂದೇ ಏಟಿಗೆ 41ಕ್ಕೆ ಇಳೀತು. ಅಲ್ಲಿಂದ ಮುಂದೆ ಭಾನುವಾರ ಪೂರ್ತಿ ಕಾದರೂ ಒಂದೂ ಕಮ್ಮಿಯಾಗಲಿಲ್ಲ. ಸಾಕು ಅಂತ ತೆಗೆದೆ. ಬಿರುಕು ಇದ್ದಷ್ಟೇ ಇತ್ತು.

41 ಸೆಕ್ಟರು ಅಂದ್ರೆ 84 ಸಾವಿರ ಬೈಟು. ಹಾಡು ಇದ್ದಿದ್ದು ಸಂಕೋಚಿಸದ ವೇವ್ ಕಡತದಲ್ಲಿ, ಸೆಕೆಂಡಿಗೆ 1,76,400 ಬೈಟು. ಅರ್ಧ ಸೆಕೆಂಡೂ ಹೋಗಿಲ್ಲ! ಎಂಪಿಥ್ರೀ ಮಾಡಿ ಬರೆದಿದ್ದಿದ್ರೆ ಅಷ್ಟೇ ಜಾಗದಲ್ಲಿ ಐದಾರು ಸೆಕೆಂಡು ಹೋಗಿರೋದು. ಆಗ ನನಗೆ ಎಂಪಿಥ್ರೀ ಸರಿಯಾಗಿ ಮಾಡೋಕೆ ಬರ್ತಿರಲಿಲ್ಲ ಅನ್ನೋದೇ ಪುಣ್ಯ.

ಹೆಡ್‌ಫೋನ್ ಹಾಕಿ ಏಳನೇ ಹಾಡು ಕೇಳಿದೆ. ಅಜ್ಜಿ ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು. ಹಿಂದೆ ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ಎರಡನೇ ನುಡಿಯ ಕೊನೆಯಲ್ಲಿ ಒಂದು ಸಣ್ಣ 'ಟಕ್', ಅಲ್ಲೇ ಆ ಅರ್ಧ ಸೆಕೆಂಡು. ಆಮೇಲೆ ನಾನು, ಇಪ್ಪತ್ತೊಂದು ವರ್ಷ ಚಿಕ್ಕವನು, "ಇನ್ನೊಂದ್ಸಲ ಹೇಳು ಅಜ್ಜಿ" ಅಂತಿದೀನಿ. ಅದು ಅದರಲ್ಲಿದೆ ಅಂತ ನನಗೆ ನೆನಪೇ ಇರಲಿಲ್ಲ.

ಹದಿನಾಲ್ಕೂ ಹಾಡನ್ನ ಮೂರು ಕಡೆ ಕಾಪಿ ಮಾಡಿಟ್ಟು ಅಮ್ಮನಿಗೆ ಏಳನೆಯದು ಕಳಿಸಿದೆ. ಒಂದು ಗಂಟೆಯಾದ್ರೂ ಉತ್ತರ ಇಲ್ಲ. ನಾನೇ ಫೋನ್ ಮಾಡಿದೆ.

"ಕೇಳಿದ್ಯಾ? ಮಧ್ಯ ಒಂಚೂರು ಕಟ್ ಆಗಿದೆ, ಗೊತ್ತಾಯ್ತಾ?"

"ಎಲ್ಲೋ ಕಟ್ಟು? ನಂಗೇನೂ ಕಾಣ್ಲಿಲ್ಲಪ್ಪ. ನಾಲ್ಕು ಸಲ ಕೇಳ್ದೆ" ಅಂದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವಾಗ್ಲೂ ಹಾಗೇ ನೋಡು ಅಜ್ಜಿ, ಶುರುವಲ್ಲೇ ಶ್ರುತಿ ಮೇಲೆತ್ತಿ ಹಿಡಿದುಬಿಡ್ತಿದ್ಲು. ಆಮೇಲೆ ಹಿಂದೆ ಹೇಳೋರಿಗೆ ಕಷ್ಟ. ಸೀಮಂತದ ದಿನ ನಾನು ಒಂದು ಮನೆ ಕೆಳಗೆ ಹಿಡೀತೀನಿ."