ಬ್ಲೆಡ್‌ನಿಂದಾಚೆಗೆ

ಸ್ಲೊವೇನಿಯಾಕ್ಕೆ ಹೋದವರು ಬ್ಲೆಡ್ ಸರೋವರವನ್ನೂ ಅದರ ನಡುಗಡ್ಡೆಯ ಇಗರ್ಜಿಯನ್ನೂ ಕಂಡು, ಜನಸಂದಣಿಯೊಡನೆ ಬಂದಂತೆಯೇ ಜನಸಂದಣಿಯೊಡನೆ ಹಿಂದಿರುಗುವುದು ವಾಡಿಕೆ. ಆದರೆ 1906ರಲ್ಲಿ ತೆರೆದ ಹಳೆಯ ರೈಲುಹಾದಿಯಲ್ಲಿ ಇನ್ನಷ್ಟು ದೂರ ಸಾಗಿ, ಬೋಹಿನ್ಸ್ಕಾ ಬಿಸ್ತ್ರಿತ್ಸಾ ಎಂಬ ಪುಟ್ಟ ನಿಲ್ದಾಣದಲ್ಲಿಳಿದು, ಅಲ್ಲಿಂದ ಬಸ್ಸು ಹಿಡಿದು ಹೋಗುವಷ್ಟು ತಾಳ್ಮೆಯುಳ್ಳವನಿಗೆ, ಜೂಲಿಯನ್ ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಚಾಚಿರುವ ಬೋಹಿನ್ ಸರೋವರವು, ಆ ದೇಶದ ಶಾಶ್ವತ ಸರೋವರಗಳಲ್ಲೆಲ್ಲ ದೊಡ್ಡದಾಗಿದ್ದೂ ಮೌನವನ್ನೇ ಆಭರಣವಾಗಿ ಧರಿಸಿ, ದರ್ಶನವೀಯುತ್ತದೆ.

ಸೆಪ್ಟೆಂಬರಿನ ಒಂದು ಮುಂಜಾನೆ, ಮಂಜು ಇನ್ನೂ ನೀರಿನಿಂದ ಮೇಲೇಳದಿದ್ದಾಗ, ನಾನು ಕಾಲ್ನಡೆಯಲ್ಲಿ ಸರೋವರದ ಬಳಿಯ ಸ್ತೂದೊರ್ ಗ್ರಾಮದತ್ತ ಹೊರಟೆನು. ಊರಂಚಿನ ಹುಲ್ಲುಗಾವಲಿನಲ್ಲಿ ಹುಲ್ಲೊಣಗಿಸುವ ಮರದ ಚಪ್ಪರಗಳು ಸಾಲಾಗಿ ನಿಂತಿದ್ದುವು. ಕಂಬದಿಂದ ಕಂಬಕ್ಕೆ ಅಡ್ಡತೊಲೆಗಳು, ಮೇಲೊಂದು ಮಾಡು, ಮಳೆ ಬಿಡದೆ ಸುರಿಯುವ ಆ ಕಣಿವೆಯಲ್ಲಿ ಹುಲ್ಲು ಕೊಳೆಯದೆ ಗಾಳಿಗೆ ಒಣಗಲೆಂದು ರೈತನು ಕಂಡುಕೊಂಡ ಸರಳ ಉಪಾಯ. ಬಿಸಿಲುಮಳೆಗಳಿಗೆ ಬೂದುಬಣ್ಣ ತಳೆದ ಒಂದು ತೊಲೆಯ ಮೇಲೆ ಕೈಯಿಟ್ಟು ನಿಂತಾಗ, ಯಾವ ಅರಮನೆಯೂ ಹೇಳದ ಒಂದು ನಾಡಿನ ಬದುಕು ನನಗೆ ಅರ್ಥವಾದಂತಾಯಿತು.

ಪ್ರಸಿದ್ಧವಾದುದನ್ನು ನೋಡಬಾರದೆಂದಲ್ಲ. ಆದರೆ ನೋಡಿದ ಮೇಲೆ, ಎಲ್ಲರೂ ಹಿಂದಿರುಗುವ ಎಡೆಯಿಂದ ಇನ್ನೊಂದಿಷ್ಟು ಮುಂದೆ ನಡೆಯಿರಿ. ನಾಡು ತನ್ನ ಮನದ ಮಾತನ್ನು ನುಡಿಯತೊಡಗುವುದು ಅಲ್ಲಿಂದಲೇ.