ಅದರಲ್ಲಿ ಎಂತ ಬರ್ತದೆ?

ಪೇಟೆಗೆ ಹೊಸ ಯಂತ್ರವೊಂದು ಬಂದಿದೆ ಎಂಬ ಸುದ್ದಿ ಮನೆಗೆ ತಲುಪಿದಾಗ ನಮ್ಮ ಅಜ್ಜಿ ಬೆಲೆ ಕೇಳುತ್ತಿರಲಿಲ್ಲ, ಕಂಪನಿಯ ಹೆಸರನ್ನೂ ಕೇಳುತ್ತಿರಲಿಲ್ಲ. "ಅದರಲ್ಲಿ ಎಂತ ಬರ್ತದೆ?" ಎನ್ನುತ್ತಿದ್ದರು. ಸುಳ್ಯದ ಕಡೆಯ ಅಡಕೆ ತೋಟದ ಮನೆ ನಮ್ಮದು. ನಮ್ಮ ಊರಿನ ಒಂದೆರಡು ಮನೆಗಳಲ್ಲಿ ರೇಡಿಯೋ ಮೊದಲೇ ಇತ್ತು. ರಾತ್ರಿ ಹೊತ್ತು ಗರಗರ ಸದ್ದಿನ ನಡುವೆ ಬೆಂಗಳೂರೋ ಧಾರವಾಡವೋ ಕೇಳಿಸುತ್ತಿತ್ತು. ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ದುಡ್ಡು ಕಟ್ಟಿ ಅಂಥದ್ದನ್ನು ತಂದು ಇಟ್ಟುಕೊಳ್ಳುವ ಅಗತ್ಯ ಅಜ್ಜಿಗೆ ಕಂಡಿರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಗಿ ಯಕ್ಷಗಾನ, ತಾಳಮದ್ದಳೆ, ತುಳು ಕಾರ್ಯಕ್ರಮಗಳು ಬರತೊಡಗಿದ ಮೇಲೆ ಅವರಾಗಿಯೇ ರೇಡಿಯೋದ ಮಾತೆತ್ತಿದರು. ಮೊದಲು ಕೊಂಡ ಮನೆಯ ಪೆಟ್ಟಿಗೆಗೂ ನಮ್ಮ ಮನೆಗೆ ಬಂದ ಪೆಟ್ಟಿಗೆಗೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಅದರೊಳಗೆ ಬರುವುದು ಮಾತ್ರ ಬದಲಾಗಿತ್ತು.

ಯಾವ ಉಪಕರಣವನ್ನು ಯಾವಾಗ ಕೊಳ್ಳಬೇಕು ಎಂಬ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಬೇರೆ ಎಲ್ಲಿಯೂ ಕೇಳಿಲ್ಲ. ಅಂಗಡಿಯಲ್ಲಿ ಕೇಳಿಬರುವ ಪ್ರಶ್ನೆಗಳೇ ಬೇರೆ: ಎಷ್ಟು ಇಂಚು, ನಾಲ್ಕು ಕೆ ಬೇಕೋ ಎಂಟು ಕೆ ಬೇಕೋ, ಕಂತು ಎಷ್ಟು ತಿಂಗಳದ್ದು. ಪರದೆಯ ಮೇಲೆ ಓಡುತ್ತಿರುವ ಚಿತ್ರವೂ ಆ ಪರದೆಗೆಂದೇ ತೆಗೆದದ್ದು. ಜೇನುಹುಳುವಿನ ರೆಕ್ಕೆ, ಮಂಜಿನ ಬೆಟ್ಟ, ಬಣ್ಣದ ಹುಡಿ. ಮನೆಗೆ ತಂದ ಮೇಲೆ ಅದರಲ್ಲಿ ನೋಡುವುದು ವಾರ್ತೆ, ಕ್ರಿಕೆಟ್, ರಾಜಕುಮಾರ್ ಸಿನಿಮಾ. ಹಳೆಯ ಕನ್ನಡ ಸಿನಿಮಾದ ಮಸುಕಾದ ಪ್ರತಿಯನ್ನು ಎಂಟು ಕೆ ಪರದೆಯಲ್ಲಿ ಹಾಕಿದರೆ ಅದರ ಮಸುಕೇ ದೊಡ್ಡದಾಗಿ ಕಾಣುತ್ತದೆ.

ಯಂತ್ರ ಮತ್ತು ಅದರೊಳಗಿನ ಸರಕು ಸರಿಯಾದ ಹೊತ್ತಿಗೆ ಕೂಡಿಬಂದ ಉದಾಹರಣೆ ಬೇಕಾದರೆ ಕ್ಯಾಸೆಟ್ಟನ್ನು ನೋಡಬೇಕು. ನನಗೆ ಅದರ ಮೇಲೆ ಇವತ್ತಿಗೂ ಅಪಾರ ಗೌರವ. ಗ್ರಾಮಫೋನಿನ ಹಳೆಯ ಅರಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಾಲ್ಕು ನಿಮಿಷ. ಹಾಡಿಗೆ ಅಷ್ಟು ಸಾಕು; ರಾಗ ವಿಸ್ತರಿಸುವವರು ಮೊಟಕು ಮಾಡಿಕೊಂಡು ಹಾಡಿದರು. 1948ರಲ್ಲಿ ಬಂದ ಎಲ್‌ಪಿ ಇಪ್ಪತ್ತು ಚಿಲ್ಲರೆ ನಿಮಿಷದವರೆಗೆ ಹೋಯಿತು. ಆದರೆ ತಾಳಮದ್ದಳೆಗೆ ಇವೆರಡೂ ಆಗುವ ಮಾತಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾನೆ. ಆ ಮಾತು ಬರೆದಿಟ್ಟದ್ದಲ್ಲ, ಎದುರಿನ ಅರ್ಥಧಾರಿ ಏನು ಹೇಳುತ್ತಾನೆ ಎಂಬುದರ ಮೇಲೆ ಆ ಕ್ಷಣಕ್ಕೆ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಒಂದೇ ವಾಲಿಯನ್ನು ಎರಡು ಊರಿನಲ್ಲಿ ಎರಡು ಬಗೆಯಾಗಿ ಆಡಬಲ್ಲವರಾಗಿದ್ದರು. ಬೆಳಗಾದ ಮೇಲೆ ಉಳಿಯುತ್ತಿದ್ದದ್ದು ಕೇಳಿದವರ ನೆನಪು ಮಾತ್ರ.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಕ್ಯಾಸೆಟ್ ಎಂಬ ಈ ಪುಟ್ಟ ಪೆಟ್ಟಿಗೆಯನ್ನು ಮೊದಲು ತೋರಿಸಿತು. ಮುಂದೆ ಬೇರೆ ಕಂಪನಿಗಳೂ ರಾಯಧನ ಕೊಡದೆ ಅದನ್ನೇ ತಯಾರಿಸಲು ಬಿಟ್ಟುಕೊಟ್ಟಿತು. ಯಾರ ಕ್ಯಾಸೆಟ್ಟಾದರೂ ಯಾರ ಯಂತ್ರದಲ್ಲಾದರೂ ಓಡುತ್ತದೆ ಎಂದಾದದ್ದು ಆ ಒಂದು ತೀರ್ಮಾನದಿಂದ. ನಮ್ಮ ಕರಾವಳಿಗೆ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಸೇರಿದ ಟು-ಇನ್-ಒನ್‌ಗಳು ಗಲ್ಫಿಗೆ ಹೋದವರ ಜೊತೆಗೆ ಬಂದವು. ರಜೆಗೆ ಬಂದ ಮಗ ತಂದ ಪೆಟ್ಟಿಗೆ ತಾಳಮದ್ದಳೆಯ ಚಾಪೆಯ ಹತ್ತಿರ ಕುಳಿತುಕೊಂಡಿತು. ಸಿ-60 ಎಂದರೆ ಬದಿಗೆ ಅರ್ಧ ಗಂಟೆ, ಸಿ-90 ಎಂದರೆ ಮುಕ್ಕಾಲು ಗಂಟೆ. ಸಿ-120 ಕೂಡ ಸಿಗುತ್ತಿತ್ತು, ಆದರೆ ಅದರ ಟೇಪು ಬಹಳ ತೆಳು, ಬೇಗ ಸುತ್ತಿಕೊಳ್ಳುತ್ತದೆ ಎಂದು ಬಲ್ಲವರು ಮುಟ್ಟುತ್ತಿರಲಿಲ್ಲ. ನಮ್ಮ ಚಿಕ್ಕಪ್ಪನ ಸಂಗ್ರಹದ ಕರ್ಣಭೇದನದಲ್ಲಿ ಕೃಷ್ಣ ಕುಂತಿಯ ಹೆಸರೆತ್ತುವ ಹೊತ್ತಿಗೆ ಟಕ್ ಎಂದು ಗುಂಡಿ ಎದ್ದ ಸದ್ದು ಕೇಳಿಸುತ್ತದೆ. ಕ್ಯಾಸೆಟ್ಟು ಮಗುಚಿ ಹಾಕುವಷ್ಟರಲ್ಲಿ ಒಂದೆರಡು ವಾಕ್ಯ ಹೋಗಿದೆ. ಆ ವಾಕ್ಯ ಏನಿದ್ದಿರಬಹುದು ಎಂದು ನಮ್ಮ ಮನೆಯಲ್ಲಿ ಈಗಲೂ ಚರ್ಚೆ ನಡೆಯುವುದುಂಟು.

ಘಟ್ಟದ ಮೇಲೆ ಇದೇ ಪೆಟ್ಟಿಗೆ ಬೇರೆ ಕೆಲಸ ಮಾಡಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಅದಾದ ಮೇಲೆ ಹರಿಕತೆ, ನಾಟಕ, ಜನಪದ ಗೀತೆ ಎಲ್ಲವೂ ಬಸ್ ನಿಲ್ದಾಣದ ಅಂಗಡಿಗೇ ಬಂದುವು. ಕ್ಯಾಸೆಟ್ ಬಂದ ಮೊದಲ ದಿನವೇ ಟೇಪ್ ರೆಕಾರ್ಡರ್ ಕೊಂಡವನಿಗೆ ಕೇಳಲು ಕನ್ನಡ ಹೆಚ್ಚೇನೂ ಇರಲಿಲ್ಲ. ಹದಿನೈದು ವರ್ಷ ಕಾದವನ ಕೈಗೆ ಯಂತ್ರವೂ ಅಗ್ಗವಾಗಿ ಸಿಕ್ಕಿತು, ಕೇಳಲಿಕ್ಕೂ ಬೇಕಾದಷ್ಟು ಸಿಕ್ಕಿತು.

ಹೀಗಾಗಿ ಕಂಪನಿಗಳ ಜಗಳದಲ್ಲಿ ಪಕ್ಷ ವಹಿಸುವ ಆತುರ ನನಗೆ ಎಂದೂ ಸರಿ ಎನಿಸಿಲ್ಲ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಜೆವಿಸಿಯ ವಿಎಚ್‌ಎಸ್ ಮರುವರ್ಷ. ಸೋನಿಯ ಮೊದಲ ಟೇಪಿನಲ್ಲಿ ಒಂದು ಗಂಟೆ ಹಿಡಿಸುತ್ತಿತ್ತು, ಎದುರಾಳಿಯದರಲ್ಲಿ ಎರಡು. ಒಂದು ಸಿನಿಮಾ ಪೂರ್ತಿ ಹಿಡಿಸುವುದು ಯಾವುದರಲ್ಲಿ ಎಂಬುದೇ ಬಹಳ ಮಂದಿಗೆ ಮುಖ್ಯವಾಯಿತು. ಆ ಜಗಳದ ಕೊನೆಯನ್ನು ನೋಡಿ: ಸೋತ ಬೀಟಾಮ್ಯಾಕ್ಸಿನ ಟೇಪು ಮಾರುವುದನ್ನು ಸೋನಿ ನಿಲ್ಲಿಸಿದ್ದು 2016ರ ಮಾರ್ಚಿನಲ್ಲಿ. ಗೆದ್ದ ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ ಕೈಬಿಟ್ಟದ್ದು ಅದೇ ವರ್ಷದ ಜುಲೈಯಲ್ಲಿ. ಗೆದ್ದದ್ದೂ ಸೋತದ್ದೂ ಒಂದೇ ಮಳೆಗಾಲದ ಆಚೀಚೆ ಹೋದವು. ಮದುವೆಯ ವಿಡಿಯೋವನ್ನು ಬೇರೆಡೆಗೆ ನಕಲು ಮಾಡಿಸದೆ ಇಟ್ಟುಕೊಂಡ ಮನೆಗಳಿಗೆ ಗೆದ್ದವರ ಪಕ್ಷದಲ್ಲಿದ್ದುದರಿಂದ ಯಾವ ಲಾಭವೂ ಆಗಲಿಲ್ಲ.

ಮುಂದೆ ಎಚ್‌ಡಿ ಡಿವಿಡಿ, ಬ್ಲೂ-ರೇ ಎಂದು ಮತ್ತೆ ಎರಡು ಪಕ್ಷ. ಸಿನಿಮಾ ಕಂಪನಿ ವಾರ್ನರ್ ಬ್ಲೂ-ರೇ ಕಡೆಗೆ ವಾಲಿದ ಮೇಲೆ 2008ರ ಫೆಬ್ರವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನು ನಿಲ್ಲಿಸಿತು. ಅಮೆರಿಕದಲ್ಲಿ ಅದೊಂದು ದೊಡ್ಡ ಸುದ್ದಿ. ಕನ್ನಡ ಸಿನಿಮಾ ನೋಡುವವನಿಗೆ ಅದರಿಂದ ಏನೂ ಆಗಬೇಕಾದ್ದಿರಲಿಲ್ಲ, ಏಕೆಂದರೆ ಬ್ಲೂ-ರೇಯಲ್ಲಿ ಬಂದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ನಮ್ಮ ಸಿನಿಮಾಗಳು ರಾಶಿರಾಶಿಯಾಗಿ ಬಂದದ್ದು ವಿಸಿಡಿಯಲ್ಲಿ. ಚಿತ್ರದ ಗುಣಮಟ್ಟ ಸಾಧಾರಣ, ಒಂದು ಡಿಸ್ಕಿನಲ್ಲಿ ಎಪ್ಪತ್ತು ಚಿಲ್ಲರೆ ನಿಮಿಷ, ಸಿನಿಮಾಕ್ಕೆ ಎರಡು ಮೂರು ಡಿಸ್ಕು. ಮೋಸರ್ ಬೇಯರ್ ಕಂಪನಿ 2007ರ ಸುಮಾರಿಗೆ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ತಾಂತ್ರಿಕವಾಗಿ ಹಿಂದುಳಿದದ್ದು ಎಂದು ತಿಳಿದವರು ಬಿಟ್ಟುಬಿಟ್ಟ ಆ ಡಿಸ್ಕಿನಲ್ಲೇ ಊರಿನವರು ಪುಟ್ಟಣ್ಣ ಕಣಗಾಲರನ್ನು ನೋಡಿದರು. ಅವರ ಆಯ್ಕೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಕಾಯುವುದೇ ಎಲ್ಲಾ ಕಾಲಕ್ಕೂ ಜಾಣತನ ಎಂದು ಹೇಳಲಾರೆ. ಹೊಸತು ಸಮಾಜದಲ್ಲಿ ಹೇಗೆ ಹಬ್ಬುತ್ತದೆ ಎಂದು 1962ರಲ್ಲಿ ಪುಸ್ತಕ ಬರೆದ ಎವರೆಟ್ ರೋಜರ್ಸ್ ಅಮೆರಿಕದ ಅಯೋವಾದ ರೈತನ ಮಗ. ಅವರ ತಂದೆಗೆ ಹೊಸ ಕೃಷಿಯಂತ್ರಗಳೆಂದರೆ ಬಹಳ ಇಷ್ಟ, ಆದರೆ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹಾಕಲು ಮಾತ್ರ ಒಪ್ಪಿರಲಿಲ್ಲ. 1936ರ ಬರದಲ್ಲಿ ನೆರೆಯವರ ಹೈಬ್ರಿಡ್ ಜೋಳ ನಿಂತಿತು, ಇವರದ್ದು ಒಣಗಿತು. ಒಬ್ಬನೇ ಮನುಷ್ಯ ಒಂದು ಹೊಸತಿಗೆ ಮುಂದೆ ಓಡುತ್ತಾನೆ, ಇನ್ನೊಂದಕ್ಕೆ ಬೆನ್ನು ಹಾಕುತ್ತಾನೆ. ಮೊದಲು ಕೊಳ್ಳುವವರು, ಕೊನೆಗೆ ಕೊಳ್ಳುವವರು ಎಂದು ಜನರನ್ನು ಎರಡು ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ.

ಮೊದಲು ಕೊಳ್ಳುವವರ ಋಣವೂ ನಮ್ಮ ಮೇಲಿದೆ. 1982ರಲ್ಲಿ ಜಪಾನಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರಿಗೆ 1,68,000 ಯೆನ್ ತೆತ್ತವರಿದ್ದರು. 1995ರಲ್ಲಿ ಭಾರತಕ್ಕೆ ಮೊಬೈಲ್ ಬಂದಾಗ ಕರೆ ಮಾಡಿದರೂ ದುಡ್ಡು, ಬಂದ ಕರೆ ತೆಗೆದರೂ ದುಡ್ಡು. ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೆ ಕೊಟ್ಟವರಿದ್ದರು. ಅವರು ಕೊಟ್ಟದ್ದರಿಂದ ಕಾರ್ಖಾನೆ ನಡೆಯಿತು, ಗೋಪುರಗಳು ಎದ್ದವು. ಆಮೇಲೆ ಬಂದ ನಾವು ಅಗ್ಗದಲ್ಲಿ ಪಡೆದೆವು. ಅನುಕೂಲವಿದ್ದು, ಹೊಸತರ ಮೇಲೆ ನಿಜವಾದ ಪ್ರೀತಿ ಇದ್ದು, ಕೈಸುಟ್ಟುಕೊಂಡರೂ ಸೈ ಎನ್ನುವವರು ಖಂಡಿತ ಕೊಳ್ಳಲಿ. ಕಂತು ಕಟ್ಟುವವರಿಗೆ ಮಾತ್ರ ನಾನು ನಿಲ್ಲಿ ಎನ್ನುತ್ತೇನೆ.

ಕಳೆದ ದೀಪಾವಳಿಯ ಹೊತ್ತಿಗೆ ಬೆಂಗಳೂರಿನಿಂದ ಅಳಿಯ ಫೋನು ಮಾಡಿದ್ದ. "ಮಾವ, ಟಿವಿ ಈಗ ತೆಗೊಳ್ಳುದಾ, ಇನ್ನೊಂದು ವರ್ಷ ಕಾಯುದಾ?"

"ಈಗಿನದ್ದು ಹಾಳಾಗಿದೆಯಾ?"

"ಇಲ್ಲ. ಅದರಲ್ಲಿ ಕೆಲವು ಆ್ಯಪ್ ಓಡ್ತಾ ಇಲ್ಲ."

ಪರದೆ ಹತ್ತು ವರ್ಷ ಬಾಳಬಹುದು, ಅದರೊಳಗಿನ ತಂತ್ರಾಂಶ ಮೂರು ನಾಲ್ಕು ವರ್ಷಕ್ಕೇ ಹಳತಾಗುತ್ತದೆ. ಹಿಂಬದಿಯ ಎಚ್‌ಡಿಎಮ್‌ಐ ಕಿಂಡಿಗೆ ಸಣ್ಣ ಸ್ಟಿಕ್ ಒಂದನ್ನು ಸಿಕ್ಕಿಸಿದರೆ ಟಿವಿ ಮತ್ತೆ ಹೊಸದಾಗುತ್ತದೆ ಎಂದೆ. ನಾನು ಯಾವುದೇ ಉಪಕರಣವನ್ನು ನೋಡುವಾಗ ಅದರ ಹಿಂಬದಿಯನ್ನೇ ಮೊದಲು ನೋಡುತ್ತೇನೆ. ಇನ್ನೊಬ್ಬರ ಯಂತ್ರ ಅದಕ್ಕೆ ಕೂಡುತ್ತದೆಯೇ, ಬ್ಯಾಟರಿ ಬದಲಿಸಿ ಕೊಡುವವರು ತಾಲೂಕು ಪೇಟೆಯಲ್ಲಿ ಇದ್ದಾರೆಯೇ, ಒಳಗೆ ನಾನು ತುಂಬಿದ್ದನ್ನು ನಾಳೆ ಹೊರಗೆ ತೆಗೆಯಲು ಬರುತ್ತದೆಯೇ. ಕೊನೆಯದು ಬಹಳ ಮುಖ್ಯ. 1992ರಲ್ಲಿ ಸೋನಿ ಮಿನಿಡಿಸ್ಕ್ ತಂದಿತು, ಫಿಲಿಪ್ಸ್ ಡಿಜಿಟಲ್ ಕ್ಯಾಸೆಟ್ ತಂದಿತು. ಫಿಲಿಪ್ಸಿನದ್ದು ನಾಲ್ಕೇ ವರ್ಷಕ್ಕೆ ನಿಂತಿತು. ಮಿನಿಡಿಸ್ಕ್ ಒಳ್ಳೆಯ ಯಂತ್ರವೇ. ಆದರೆ ಅದರಲ್ಲಿ ತಾವೇ ಧ್ವನಿಮುದ್ರಿಸಿದ್ದನ್ನು ಕಂಪ್ಯೂಟರಿಗೆ ಸಲೀಸಾಗಿ ನಕಲು ಮಾಡಿಕೊಳ್ಳಲು ಬಹಳ ವರ್ಷ ಬಿಟ್ಟಿರಲಿಲ್ಲ. ಈಗಿನ ಸ್ಟ್ರೀಮಿಂಗಿನಲ್ಲಿ ಕೊಳ್ಳುವ ಮಾತೇ ಇಲ್ಲ, ತಿಂಗಳ ಬಾಡಿಗೆ. ಇಂದು ಇದ್ದ ಸಿನಿಮಾ ನಾಳೆ ಇರುತ್ತದೆಂಬ ಭರವಸೆ ಇಲ್ಲ. ಮತ್ತೆ ಮತ್ತೆ ನೋಡಬೇಕೆನಿಸುವ ಚಿತ್ರಗಳ ಡಿಸ್ಕುಗಳನ್ನು ನಾನು ಕೊಡಲೂ ಇಲ್ಲ, ಎಸೆಯಲೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಕೇಳುವ, ನೋಡುವ ಯಂತ್ರಗಳ ಮಾತಾಯಿತು. ಅಚ್ಚಾದ ಹಾಡು, ತೆಗೆದಿಟ್ಟ ಸಿನಿಮಾ ನಮಗಾಗಿ ಕಾಯುತ್ತವೆ. ಹಿಡಿದಿಡುವ ಯಂತ್ರದ ವಿಷಯ ಬೇರೆ. ಅಲ್ಲಿ ಕಾಯಬೇಕಾದ್ದು ಮನುಷ್ಯರು, ಅವರು ಕಾಯುವುದಿಲ್ಲ. ಚಿಕ್ಕಪ್ಪ ಟೇಪ್ ರೆಕಾರ್ಡರ್ ಇನ್ನಷ್ಟು ಅಗ್ಗವಾಗಲಿ, ಇನ್ನಷ್ಟು ಒಳ್ಳೆಯದು ಬರಲಿ ಎಂದು ಕುಳಿತಿದ್ದರೆ ನಮ್ಮೂರಿನ ಎಷ್ಟೋ ಅರ್ಥಧಾರಿಗಳ ದನಿ ಇವತ್ತು ಎಲ್ಲಿಯೂ ಇರುತ್ತಿರಲಿಲ್ಲ. ಅವರ ಧ್ವನಿಮುದ್ರಣದಲ್ಲಿ ಸೀಲಿಂಗ್ ಫ್ಯಾನಿನ ಸದ್ದಿದೆ, ಮಗುವಿನ ಅಳು ಇದೆ, ಮೈಕು ದೂರವಿದೆ. ಆದರೂ ಅದು ಇದೆ.

ಆ ಕ್ಯಾಸೆಟ್ಟುಗಳಿಗೆ ಈಗ ಬೂಷ್ಟು ಹಿಡಿಯತೊಡಗಿದೆ. ಹಾಗಾಗಿ ಈಚೆಗೆ ನಾನು ಕೊಂಡ ಉಪಕರಣ ಹಳೆಯ ಕ್ಯಾಸೆಟ್ ಡೆಕ್, ರಿಪೇರಿ ಮಾಡಿಸಿದ ಸೆಕೆಂಡ್ ಹ್ಯಾಂಡ್. ಬೆಲ್ಟು ಬದಲಿಸಿ, ಹೆಡ್ಡಿಗೆ ಸ್ಪಿರಿಟ್ ಮುಟ್ಟಿಸಿದ ಹತ್ತಿ ಒರೆಸಿ, ಒಂದೊಂದೇ ಬದಿಯನ್ನು ಓಡಿಸಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಮುಕ್ಕಾಲು ಗಂಟೆಯ ಬದಿಗೆ ಮುಕ್ಕಾಲು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಎಂಪಿ3 ಮಾಡಿ ಕುಗ್ಗಿಸದೆ ವೇವ್ ಕಡತವಾಗಿಯೇ ಎರಡು ಡಿಸ್ಕುಗಳಲ್ಲಿ ಇಡುತ್ತೇನೆ, ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಅಳಿಯನಲ್ಲಿ. ಯಾರ ಮನೆಯ ಅಟ್ಟದಲ್ಲಿ ಇಂಥ ಪೆಟ್ಟಿಗೆ ಇದ್ದರೂ ಈ ವರ್ಷವೇ ಇಳಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಟೇಪು ಓಡಿಸುವ ಯಂತ್ರ, ಅದನ್ನು ಸರಿಮಾಡುವ ಕೈ, ಎರಡೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಪಾಡ್ದನಗಳನ್ನು ಬಲ್ಲ ಒಬ್ಬ ಅಜ್ಜಿ ನಮ್ಮ ನೆರೆಯಲ್ಲಿದ್ದಾರೆ. ಗದ್ದೆಗಳು ಅಡಕೆ ತೋಟವಾಗಿ, ರಬ್ಬರ್ ಗುಡ್ಡೆಯಾಗಿ ಹಾಡಲು ಜಾಗವೇ ಇಲ್ಲವಾಗಿದೆ. ಅವರಿಗೆ ಎಂಬತ್ತು ದಾಟಿತು. ಅವರ ಹಾಡು ಹಿಡಿಯಲು ಹೊಸತೇನನ್ನೂ ಕೊಳ್ಳಬೇಕಿಲ್ಲ, ಎಲ್ಲರ ಕಿಸೆಯ ಫೋನೇ ಸಾಕು. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕೊಂದಿದ್ದರೆ ಇನ್ನೂ ಒಳ್ಳೆಯದು. ಅವರ ಒಪ್ಪಿಗೆ ಕೇಳಬೇಕು, ಫ್ಯಾನ್ ಆರಿಸಬೇಕು, ಮೊದಲಿಗೆ ಅವರ ಹೆಸರು, ಊರು, ತಾರೀಕನ್ನು ಬಾಯಲ್ಲೇ ಹೇಳಿಸಬೇಕು, ಹಾಡಿನ ನಡುವೆ ಬಾಯಿ ಹಾಕಬಾರದು. ಅಳಿಯ ಈ ಬಾರಿ ಟಿವಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಮೈಕು ತರುತ್ತಾನೆ. ಬರುವ ಆದಿತ್ಯವಾರ ಬೆಳಿಗ್ಗೆ ಬರುತ್ತೇವೆಂದು ಅಜ್ಜಿಯ ಮಗಳಿಗೆ ಹೇಳಿಯಾಗಿದೆ.